ಆನೆ ಮುಟ್ಟಿದವರು, ಬೆಟ್ಟ ಮುಟ್ಟಿದವರು

ಕಂಬಂ ಪೇಟೆಯಲ್ಲಿ ಕನ್ನಡ ಓದಲು ಸಿಗುವುದಿಲ್ಲ, ಕೇಳಲು ಸಿಗುತ್ತದೆ. ಅಂಗಡಿಯ ಫಲಕ ತಮಿಳು, ಬಸ್ಸಿನ ಹಣೆಬರಹ ತಮಿಳು, ಮದುವೆಯ ಕರೆಯೋಲೆಯೂ ತಮಿಳು. ಮನೆಯೊಳಗೆ ಮೊಮ್ಮಗನನ್ನು ಗದರುವ ಅಜ್ಜಿಯ ಮಾತು ಮಾತ್ರ ಕನ್ನಡ. ತಮಿಳರು ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗರು, ಅನುಪ್ಪರು, ದಿಂಡಿಗಲ್ ಕಡೆಯ ಚಿನ್ನಾಳಪಟ್ಟಿಯ ದೇವಾಂಗ ನೇಕಾರರು, ಇವರೆಲ್ಲ ಎಷ್ಟೋ ತಲೆಮಾರುಗಳ ಹಿಂದೆ ಕನ್ನಡವನ್ನು ಬುತ್ತಿಯಂತೆ ಕಟ್ಟಿಕೊಂಡು ತೆಂಕಲಿಗೆ ಇಳಿದವರು. ಬುತ್ತಿಯಲ್ಲಿ ಅಕ್ಷರ ಇರಲಿಲ್ಲ, ಅಥವಾ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಇವರಲ್ಲಿ ಬಹಳ ಮಂದಿಗೆ ನಮ್ಮ ಲಿಪಿ ಕಂಡರೆ ಜಿಲೇಬಿ ಕಂಡಂತೆ. ಭಾಷೆ ಉಳಿದಿರುವುದು ಕಿವಿಯಿಂದ ಕಿವಿಗೆ ದಾಟಿ.

ತೇನಿಯಿಂದ ತೆಂಕಣಕ್ಕೆ ಚಾಚಿಕೊಂಡ ಈ ಕಣಿವೆಯಲ್ಲಿ ಯಾವ ಕಡೆ ತಿರುಗಿದರೂ ಬೆಟ್ಟ. ಪಡುವಲಿಗೆ ಏಲಕ್ಕಿ ಮಲೆಗಳು, ಮೂಡಲಿಗೆ ಮೇಘಮಲೆ ಮತ್ತು ವರುಷನಾಡಿನ ಸಾಲು. ನಡುವೆ ಎರಡು ಬೆಳೆ ಭತ್ತ, ದ್ರಾಕ್ಷಿ ಚಪ್ಪರ, ತೆಂಗು. ಈ ಹಸಿರಿಗೆಲ್ಲ ಕಾರಣ ಬೆಟ್ಟದ ಆಚೆಗಿನ ನೀರು. ಪಡುವಣ ಕಡಲಿಗೆ ಹರಿಯುತ್ತಿದ್ದ ಪೆರಿಯಾರನ್ನು 1895ರಲ್ಲಿ ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು ಮೂಡಲಿಗೆ ತಿರುಗಿಸಿದ ಇಂಗ್ಲಿಷ್ ಎಂಜಿನಿಯರ್ ಪೆನ್ನಿಕ್ವಿಕ್‌ನ ಪಟ ಇಲ್ಲಿನ ಮನೆಗಳಲ್ಲಿ ದೇವರ ಪಟದ ಪಕ್ಕ ನೇತಾಡುತ್ತದೆ. ಆತನ ಸುರಂಗ ಇರುವ ದಿಕ್ಕಿನಲ್ಲೇ ಘಟ್ಟ ಹತ್ತಿದರೆ ಕುಮಳಿ. ಅಲ್ಲಿಂದ ಮುಂದೆ ಕೇರಳ.

ಕೇರಳದ ಇಳಿಜಾರಿನಲ್ಲಿ ತಿರುವನಂತಪುರದವರೆಗೆ ಹೋದರೆ, ವೆಳ್ಳಾಯಣಿ ಕೆರೆಯ ದಡದಲ್ಲಿ 'ಕಾಂತಾರಿ' ಎಂಬ ಸಂಸ್ಥೆ ಇದೆ. ಕಾಂತಾರಿ ಎಂದರೆ ಮಲಯಾಳದಲ್ಲಿ ಹಿತ್ತಲಲ್ಲಿ ತಾನಾಗಿ ಹುಟ್ಟುವ, ಕಿರುಬೆರಳ ಉಗುರಿನಷ್ಟಿದ್ದರೂ ನೆತ್ತಿಗೇರುವ ಸಣ್ಣ ಮೆಣಸು. ನಮ್ಮ ಹಳೆ ಮೈಸೂರಿನವರು ಸೂಜಿಮೆಣಸು, ಜೀರಿಗೆಮೆಣಸು ಎಂದಾರು. ಕರಾವಳಿಯವರು ಅನ್ನುವುದು ಗಾಂಧಾರಿ ಮೆಣಸು. ಗಾಂಧಾರಿ ಎಂದ ಕೂಡಲೇ ನಮಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ರಾಣಿ ನೆನಪಾಗುತ್ತಾಳೆ. ಈ ಸಂಸ್ಥೆ ಕಟ್ಟಿದಾಕೆಗೆ ಕನ್ನಡದ ಈ ಕಾಕತಾಳೀಯ ಗೊತ್ತಿರಲಾರದು. ಸಾಬ್ರಿಯೆ ಟೆನ್‌ಬರ್ಕೆನ್ ಜರ್ಮನಿಯವರು. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಪೂರ್ತಿ ದೃಷ್ಟಿ ಕಳೆದುಕೊಂಡವರು. ಆಕೆ ಟಿಬೆಟಿನಲ್ಲಿ ತೆರೆದ ಶಾಲೆಯ ಆರು ಕಣ್ಣಿಲ್ಲದ ಮಕ್ಕಳು ಎವರೆಸ್ಟಿನ ಪಕ್ಕದ ಬೆಟ್ಟವೊಂದನ್ನು ಹತ್ತಲು ಹೊರಟ ಕಥೆಯೇ 2006ರಲ್ಲಿ ತೆರೆಗೆ ಬಂದ 'ಬ್ಲೈಂಡ್‌ಸೈಟ್' ಸಾಕ್ಷ್ಯಚಿತ್ರ.

ಸಾಬ್ರಿಯೆ ಬಾನ್ ವಿಶ್ವವಿದ್ಯಾಲಯದಲ್ಲಿ ಟಿಬೆಟ್ ಅಧ್ಯಯನಕ್ಕೆ ಸೇರಿದಾಗ ಓದಲು ಪುಸ್ತಕವಿರಲಿಲ್ಲ. ಪುಸ್ತಕವೇನೋ ಇದ್ದವು, ಬೆರಳಿಗೆ ಸಿಗುವಂಥವು ಇರಲಿಲ್ಲ. ಟಿಬೆಟನ್ ಭಾಷೆಗೆ ಬ್ರೈಲ್ ಲಿಪಿಯೇ ಇಲ್ಲ ಎಂದು ಗೊತ್ತಾದಾಗ, 1992ರಲ್ಲಿ, ತನ್ನ ಓದಿಗೆ ಬೇಕಲ್ಲ ಎಂದು ತಾನೇ ಒಂದನ್ನು ಮಾಡಿಕೊಂಡರು. ಐದು ವರ್ಷದ ಮೇಲೆ ಟಿಬೆಟಿಗೆ ಹೋಗಿ ಕುದುರೆಯ ಮೇಲೆ ಹಳ್ಳಿ ಹಳ್ಳಿ ಸುತ್ತಿದರು. ಅಲ್ಲಿ ಕಣ್ಣಿಲ್ಲದ ಮಕ್ಕಳು ಹೇಗಿದ್ದಾರೆ ಎಂಬುದು ತಿಳಿದದ್ದು ಆಗ. ಹಿಂದಿನ ಜನ್ಮದ ಪಾಪ, ಮೈಮೇಲೆ ಬಂದ ಪೀಡೆ ಎಂಬ ಹೆಸರಿನಲ್ಲಿ ಕತ್ತಲ ಕೋಣೆಯಲ್ಲಿ ಕೂಡಿಹಾಕಿದ ಮಕ್ಕಳು, ಬೀದಿಯಲ್ಲಿ ಬೇಡಲು ಬಿಟ್ಟ ಮಕ್ಕಳು. ಲಾಸಾದಲ್ಲಿ ಸಿಕ್ಕ ಡಚ್ ಎಂಜಿನಿಯರ್ ಪಾಲ್ ಕ್ರೋನೆನ್‌ಬರ್ಗ್ ಜೊತೆ ಸೇರಿ 1998ರಲ್ಲಿ ಅಲ್ಲೊಂದು ಶಾಲೆ ತೆರೆದರು. ಮುಂದೆ ಅದೇ 'ಬ್ರೈಲ್ ವಿದೌಟ್ ಬಾರ್ಡರ್ಸ್' ಆಯಿತು.

ಹಿಂದಿನ ಜನ್ಮದ ಪಾಪ ಎಂಬ ಮಾತು ಕೇಳಿ ನಾವು ಟಿಬೆಟನ್ನರ ಬಗ್ಗೆ ತುಟಿ ಕಚ್ಚಿಕೊಳ್ಳುವ ಅಗತ್ಯವೇನಿಲ್ಲ. ನಮ್ಮ ಭಾಷೆಯಲ್ಲೇ ವಿವೇಕವಿಲ್ಲದ ನಂಬಿಕೆ ಕುರುಡು ನಂಬಿಕೆ, ಬುದ್ಧಿಯಿಲ್ಲದ ನಕಲು ಅಂಧಾನುಕರಣೆ. ತಿಳಿದವರು ಲೋಕವನ್ನು 'ಕಂಡವರು'. ನಮ್ಮಲ್ಲಿ ಕಣ್ಣಿಲ್ಲದವರಿಗೆ ಗೌರವದ ಒಂದು ಜಾಗವೇನೋ ಇತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನೂರಾರು ಮಕ್ಕಳ ಕೈಗೆ ಹಾರ್ಮೋನಿಯಂ, ತಬಲ ಕೊಟ್ಟು ಅನ್ನದ ದಾರಿ ತೋರಿದರು. ಆ ಕೆಲಸದ ದೊಡ್ಡತನ ಹಾಗೇ ಇರಲಿ. ಆದರೆ ಉಳಿದ ನಾವು ಅದನ್ನೇ ನೆಪ ಮಾಡಿಕೊಂಡೆವು. ಕಣ್ಣಿಲ್ಲದ ಹುಡುಗ ಎಂದರೆ ಹಾಡಬೇಕು ಎಂದು ಗೊತ್ತುಮಾಡಿಬಿಟ್ಟೆವು. ಅಂಥ ಹುಡುಗ ಬೆಟ್ಟ ಹತ್ತುತ್ತೇನೆ ಎಂದರೆ ಗದಗದಲ್ಲೂ ತೇನಿಯಲ್ಲೂ ಲಾಸಾದಲ್ಲೂ ಮೊದಲು ಬರುವ ಪ್ರಶ್ನೆ ಒಂದೇ: ಅಲ್ಲಿ ಹೋಗಿ ಏನು ನೋಡ್ತೀಯಪ್ಪ?

ಆ ಪ್ರಶ್ನೆಗೆ ಅಮೆರಿಕದ ಎರಿಕ್ ವೈಹೆನ್‌ಮಾಯರ್ ತನ್ನ ರೀತಿಯಲ್ಲಿ ಉತ್ತರ ಕೊಟ್ಟಿದ್ದ. ಹುಟ್ಟುತ್ತಲೇ ಇದ್ದ ಅಕ್ಷಿಪಟಲದ ಕಾಯಿಲೆಯಿಂದ ಹದಿಹರೆಯಕ್ಕೆ ಬರುವಷ್ಟರಲ್ಲಿ ಕುರುಡಾದ ಈತ 2001ರ ಮೇ 25ರಂದು ಎವರೆಸ್ಟಿನ ತುದಿಯಲ್ಲಿ ನಿಂತ. ಕಣ್ಣಿಲ್ಲದವರಲ್ಲಿ ಅಲ್ಲಿಗೆ ಮೊದಲು ಹೋದವನು ಆತನೇ. ಲಾಸಾದ ಶಾಲೆಯಲ್ಲಿ ಈ ಸುದ್ದಿ ಹೇಳಿದಾಗ ಮಕ್ಕಳು ಹಿಗ್ಗಿದರು. ಸಾಬ್ರಿಯೆ ಆತನಿಗೊಂದು ಕಾಗದ ಬರೆದರು, ಒಮ್ಮೆ ನಮ್ಮ ಶಾಲೆಗೆ ಬನ್ನಿ ಎಂದು. ಆತ ಬಂದ. ಬರೀ ಭಾಷಣ ಮಾಡಿ ಹೋಗುವ ಬದಲು, ನಿಮ್ಮ ಮಕ್ಕಳನ್ನು ನನ್ನ ಜೊತೆ ಬೆಟ್ಟಕ್ಕೆ ಕಳಿಸಿ ಎಂದ. ಹೀಗೆ 2004ರಲ್ಲಿ ನಾಲ್ವರು ಹುಡುಗರು, ಇಬ್ಬರು ಹುಡುಗಿಯರು, ಅವರ ಇಬ್ಬರು ಗುರುಗಳು, ಎರಿಕ್ ಮತ್ತು ಅವನ ಅನುಭವಿ ಜೊತೆಗಾರರು ಎವರೆಸ್ಟಿನ ಬಡಗು ಮಗ್ಗುಲಿನ ಲಾಕ್ಪಾ ರಿ ಎಂಬ 7,045 ಮೀಟರ್ ಎತ್ತರದ ಶಿಖರಕ್ಕೆ ಹೊರಟರು. ಅಡಿಯಲ್ಲಿ ಹೇಳಿದರೆ 23 ಸಾವಿರ ದಾಟುತ್ತದೆ. ಕಂಬಂ ಕಣಿವೆಯ ಸುತ್ತಲಿನ ಯಾವ ಬೆಟ್ಟವನ್ನಾದರೂ ತೆಗೆದುಕೊಳ್ಳಿ, ಒಂದರ ಮೇಲೊಂದು ಎರಡು ಪೇರಿಸಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಜೊತೆಗೆ ನಿರ್ದೇಶಕಿ ಲೂಸಿ ವಾಕರ್ ಅವರ ಕ್ಯಾಮೆರಾ ತಂಡ.

ಕಣ್ಣಿಲ್ಲದೆ ಬೆಟ್ಟ ಹತ್ತುವುದು ಹೇಗೆ ಎಂಬುದರಲ್ಲಿ ಪವಾಡವೇನೂ ಇಲ್ಲ, ಶ್ರಮವಿದೆ. ಎರಡು ಕೈಗೂ ಉದ್ದನೆಯ ಕೋಲು. ಮುಂದೆ ಹೋಗುವವನ ಬಳಿ ಒಂದು ಗಂಟೆ ಕಿಣಿಗುಟ್ಟುತ್ತಿರುತ್ತದೆ, ದನದ ಕೊರಳಿನದಿದ್ದಂತೆ. ಅದರ ಸದ್ದೇ ದಾರಿ. ಎಡಕ್ಕೆ ಕಲ್ಲು, ಬಲಕ್ಕೆ ಪ್ರಪಾತ, ಒಂದು ಹೆಜ್ಜೆ ದೊಡ್ಡದು ಎಂದು ಜೊತೆಗಾರ ಹೇಳುತ್ತ ಹೋಗಬೇಕು. ಕಣ್ಣಿರುವ ನಾವು ನಾಲ್ಕು ಹೆಜ್ಜೆ ಮುಂದಿನ ಕಲ್ಲನ್ನು ಆಗಲೇ ನೋಡಿ, ನಮಗೇ ಗೊತ್ತಿಲ್ಲದಂತೆ ಮೈಯನ್ನು ಅದಕ್ಕೆ ಅಣಿಮಾಡಿಕೊಂಡಿರುತ್ತೇವೆ. ಕಣ್ಣಿಲ್ಲದವರಿಗೆ ಪ್ರತಿ ಹೆಜ್ಜೆಯೂ ಹೊಸದು. ಪಾದ ಎಣಿಸಿದ್ದಕ್ಕಿಂತ ಬೇಗ ನೆಲ ಮುಟ್ಟುತ್ತದೆ, ಇಲ್ಲವೇ ತಡವಾಗಿ ಮುಟ್ಟುತ್ತದೆ. ಆ ಒಂದೊಂದು ತಪ್ಪು ಲೆಕ್ಕಕ್ಕೂ ಸೊಂಟ, ಮೊಣಕಾಲು, ಉಸಿರು ದಂಡ ತೆರಬೇಕು. ಎವರೆಸ್ಟಿನ ದಾರಿಯಲ್ಲಿ ಖುಂಬು ಹಿಮಪ್ರಪಾತವನ್ನು ದಾಟಲು ಎರಿಕ್‌ಗೆ ಮೊದಲ ಸಲ 13 ತಾಸು ಹಿಡಿದಿತ್ತು. ಇಷ್ಟು ಸಾಲದೆ ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಅರ್ಧಕ್ಕೂ ಕೆಳಗಿಳಿದಿರುತ್ತದೆ. ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಇದು ಅತಿಯಾದರೆ ಶ್ವಾಸಕೋಶದಲ್ಲೋ ಮಿದುಳಲ್ಲೋ ನೀರು ತುಂಬಿಕೊಳ್ಳುತ್ತದೆ. ಅದಕ್ಕೆ ಇರುವ ನೆಚ್ಚಿನ ಮದ್ದು ಒಂದೇ, ಕೆಳಗಿಳಿಯುವುದು. ಲಾಸಾ ಇರುವುದೇ 3,650 ಮೀಟರ್ ಎತ್ತರದಲ್ಲಾದ್ದರಿಂದ ಆ ಮಕ್ಕಳು ನಮ್ಮಂಥವರಿಗಿಂತ ಗಟ್ಟಿ. ಆದರೂ ತಲೆನೋವು ಅವರನ್ನು ಬಿಡಲಿಲ್ಲ.

ಎತ್ತರದ ಬೆಟ್ಟದಲ್ಲಿ ಕಣ್ಣಿನ ದೊಡ್ಡಸ್ತಿಕೆಗೂ ಒಂದು ಮಿತಿ ಇದೆ ಎಂಬುದನ್ನು ಇಲ್ಲೇ ಸೇರಿಸಿಬಿಡುತ್ತೇನೆ. ಮೋಡ ಕವಿದು ನೆಲವೂ ಬಾನೂ ಒಂದೇ ಬಿಳಿಯಾದಾಗ ಎಂಥ ಹದ್ದುಗಣ್ಣಿನವನೂ ತನ್ನ ಹೆಜ್ಜೆ ಕಾಣದೆ ನಿಲ್ಲುತ್ತಾನೆ. ಕಪ್ಪು ಕನ್ನಡಕ ಮರೆತವನನ್ನು ಹಿಮದ ಬಿಸಿಲು ಎರಡು ದಿನ ಕುರುಡಾಗಿಸುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮ ಹಿರಿಯರು ಅಂದದ್ದು ಸುಮ್ಮನೆಯೇ? ಆ ಗಾದೆ ಬೆಟ್ಟದ ಮೇಲಿನ ದೂರಲ್ಲ, ಕಣ್ಣಿನ ಮೇಲಿನ ದೂರು. ಈ ಆರು ಮಕ್ಕಳಿಗೆ ಯಾವ ಬೆಟ್ಟವೂ ಯಾವತ್ತೂ ನುಣ್ಣಗಿರಲಿಲ್ಲ.

ಇನ್ನು ಸಿನಿಮಾದ ಮುಖ್ಯ ಸಂಗತಿಗೆ ಬರುತ್ತೇನೆ. ಅವರು ಶಿಖರ ಮುಟ್ಟಲಿಲ್ಲ. ಇದನ್ನು ಮೊದಲೇ ಹೇಳಿದರೆ ಸಿನಿಮಾದ ಸ್ವಾರಸ್ಯ ಹಾಳಾಗುವುದಿಲ್ಲ. ಸ್ವಾರಸ್ಯ ಶುರುವಾಗುವುದೇ ಅಲ್ಲಿ. 21 ಸಾವಿರ ಅಡಿಯ ಶಿಬಿರದ ಹೊತ್ತಿಗೆ ಕೆಲವು ಮಕ್ಕಳು ಬಳಲಿದ್ದರು. ಬಲ ಇರುವವರನ್ನು ಮುಂದಕ್ಕೆ ಕರೆದೊಯ್ದು, ಬಳಲಿದವರನ್ನು ಕೆಳಗೆ ಕಳಿಸೋಣ ಎಂಬುದು ಬೆಟ್ಟ ಬಲ್ಲವರ ಯೋಚನೆ. ಅದರಲ್ಲಿ ತಪ್ಪೇನಿಲ್ಲ, ಪರ್ವತಾರೋಹಣದ ಲೆಕ್ಕವೇ ಅದು: ತಂಡದಲ್ಲಿ ಒಬ್ಬರು ಮುಟ್ಟಿದರೆ ತಂಡ ಮುಟ್ಟಿದಂತೆ. ಸಾಬ್ರಿಯೆ ಒಪ್ಪಲಿಲ್ಲ. ಈ ಮಕ್ಕಳನ್ನು ಹುಟ್ಟಿದಂದಿನಿಂದ ಲೋಕ ಗೆದ್ದವರು, ಸೋತವರು ಎಂದು ಬೇರೆ ಮಾಡುತ್ತಲೇ ಬಂದಿದೆ, ಇಲ್ಲಿಯೂ ಅದೇ ಆಗಬೇಕೇ ಎಂಬುದು ಅವರ ತಕರಾರು. ಒಟ್ಟಿಗೆ ಬಂದವರು ಒಟ್ಟಿಗೆ ಇರಲಿ, ಹಿಮವನ್ನು ಮುಟ್ಟಲಿ, ಮೂಸಲಿ, ಆಡಲಿ. ತುದಿ ಯಾಕೆ ಬೇಕು? ಗುಡಾರದೊಳಗೆ ಈ ಮಾತು ಜಗಳದವರೆಗೂ ಹೋಗುತ್ತದೆ. ಕ್ಯಾಮೆರಾ ಅಲ್ಲಿಂದ ಮುಖ ತಿರುಗಿಸುವುದಿಲ್ಲ. ಕೊನೆಗೆ ಶಿಖರದ ಆಸೆ ಬಿಟ್ಟು ಎಲ್ಲರೂ ಇಳಿಯುತ್ತಾರೆ.

ತಿರುಗಿ ಬರುವ ತೀರ್ಮಾನದ ಬೆಲೆ ತೇನಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋಡಿನಾಯಕನೂರಿನ ಪಕ್ಕದ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಬಂದಿದ್ದ ಯುವಜನರನ್ನು ಕಾಳ್ಗಿಚ್ಚು ಸುತ್ತುವರಿಯಿತು. ಒಣಹುಲ್ಲು, ಕಡಿದಾದ ಇಳಿಜಾರು, ತಿರುಗುವ ಗಾಳಿ. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಎಲ್ಲರಿಗೂ ಕಣ್ಣಿತ್ತು. ಇದನ್ನು ಹೇಳುತ್ತಿರುವುದು ಸತ್ತವರನ್ನು ದೂರಲು ಅಲ್ಲ. ಬೆಟ್ಟದಲ್ಲಿ ಅಪಾಯವೆಂಬುದು ನೋಟಕ್ಕೆ ಸಿಗುವಷ್ಟು ಹತ್ತಿರ ಬಂದಾಗ ತಪ್ಪಿಸಿಕೊಳ್ಳುವ ಹೊತ್ತು ಮೀರಿರುತ್ತದೆ ಎಂಬುದಕ್ಕೆ.

ನಾನು ಈ ಚಿತ್ರವನ್ನು ಎರಡು ಸಲ ನೋಡಿದೆ. ಎರಡನೆಯ ಸಲ 'ನೋಡಿದೆ' ಅನ್ನುವುದು ತಪ್ಪು. ತೆರೆಯನ್ನು ಗೋಡೆಗೆ ತಿರುಗಿಸಿ ಬರೀ ಕೇಳಿದೆ. ಆ ಮಕ್ಕಳು ತಮ್ಮ ಚಿತ್ರವನ್ನು ಹೇಗೆ ಅನುಭವಿಸಿರಬಹುದು ಎಂಬ ಕುತೂಹಲ, ಜೊತೆಗೆ ಸ್ವಲ್ಪ ಅಂಕಣಕಾರನ ಚಪಲ. ಹತ್ತು ನಿಮಿಷದಲ್ಲಿ ಒಂದು ವಿಷಯ ಗೊತ್ತಾಗಿ ಪೆಚ್ಚಾದೆ. ಮಕ್ಕಳು ಮಾತಾಡುವುದು ಹೆಚ್ಚಾಗಿ ಟಿಬೆಟನ್. ಅದರ ಅರ್ಥ ಇರುವುದು ತೆರೆಯ ಕೆಳಗೆ ಮೂಡುವ ಅಕ್ಷರಗಳಲ್ಲಿ. ತೆರೆ ತಿರುಗಿಸಿದ ಕೂಡಲೇ ಅವರ ಮಾತು ನನ್ನ ಪಾಲಿಗೆ ಬರೀ ಸದ್ದಾಯಿತು. ಅರ್ಥವಾಗುವಂತೆ ಉಳಿದದ್ದು ದೊಡ್ಡವರ ಇಂಗ್ಲಿಷ್ ಒಂದೇ. ಗಾಳಿಗೆ ಬಡಿದುಕೊಳ್ಳುವ ಗುಡಾರದ ಬಟ್ಟೆ, ಜಲ್ಲಿಗೆ ತಾಗುವ ಕೋಲು, ಏದುಸಿರು, ಮಕ್ಕಳ ಹಾಡು, ಇವುಗಳ ಮೇಲೆ ದೊಡ್ಡವರು ವಾದಿಸುತ್ತಿದ್ದಾರೆ. ಕಣ್ಣಿಲ್ಲದವರ ಕುರಿತ ಚಿತ್ರದಲ್ಲಿ ಕಣ್ಣಿಲ್ಲದವರು ಹೇಳಿದ್ದು ತಿಳಿಯಲು ಕಣ್ಣು ಬೇಕು.

ಆ ಕ್ಷಣದಲ್ಲಿ ನನಗೆ ಆನೆ ನೆನಪಾಯಿತು. ಕುರುಡರು ಆನೆ ಮುಟ್ಟಿದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬಾಲ ಹಿಡಿದವನಿಗೆ ಹಗ್ಗ, ಕಾಲು ಹಿಡಿದವನಿಗೆ ಕಂಬ, ಕಿವಿ ಹಿಡಿದವನಿಗೆ ಮೊರ. ಸಮಗ್ರವಾಗಿ ನೋಡಲಾರದವರ ಹಠಕ್ಕೆ ಕೊಡುವ ಉಪಮೆ ಅದು. ಬುದ್ಧನ ಕಾಲದಿಂದ ಬಂದ ಈ ಕಥೆಯನ್ನು ಜೈನರೂ ಹೇಳಿದರು, ನಮ್ಮ ಮೇಷ್ಟರುಗಳೂ ಹೇಳಿದರು. ಕಥೆ ಕಟ್ಟಿದವನಿಗೆ ಕಣ್ಣಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಕಣ್ಣಿಲ್ಲದವನು ಒಂದೇ ಕಡೆ ಕೈಯಿಟ್ಟು ಇದಿಷ್ಟೇ ಎಂದು ನಿಲ್ಲುವುದಿಲ್ಲ, ಸುತ್ತ ತಡಕುತ್ತಾನೆ, ಪಕ್ಕದವನನ್ನು ಕೇಳುತ್ತಾನೆ. ಹಾಗೆ ಮಾಡದಿದ್ದರೆ ಅವನು ಒಂದು ದಿನವೂ ಬದುಕಲಾರ. ಲಾಕ್ಪಾ ರಿ ಬುಡದ ಗುಡಾರದಲ್ಲಿ ಬಾಲ ಹಿಡಿದು ಹಗ್ಗ ಎಂದವರು ಮಕ್ಕಳಾಗಿರಲಿಲ್ಲ. ಬೆಟ್ಟ ಹತ್ತುವುದನ್ನೇ ಕಸುಬಾಗಿಸಿಕೊಂಡವರಿಗೆ ಆ ಬೆಟ್ಟ ತುದಿಯಾಗಿತ್ತು. ಗುರುವಿಗೆ ಪಾಠವಾಗಿತ್ತು. ಚಿತ್ರತಂಡಕ್ಕೆ, ಸಹಜವಾಗಿಯೇ, ಕಥೆಯಾಗಿತ್ತು. ಸಾಬ್ರಿಯೆಗೂ ಎರಿಕ್‌ಗೂ ಕಣ್ಣಿಲ್ಲ, ಆದರೂ ಇಬ್ಬರೂ ಎದುರುಬದುರು ನಿಂತದ್ದನ್ನು ಗಮನಿಸಬೇಕು. ಕುರುಡರೆಲ್ಲ ಒಂದೇ ರೀತಿ ಯೋಚಿಸುತ್ತಾರೆ ಎಂಬ ನಮ್ಮ ಕಲ್ಪನೆ ಅಲ್ಲೇ ಮುರಿಯಿತು.

ಮಕ್ಕಳಿಗೆ ಏನು ಬೇಕಿತ್ತು? ಅವರಲ್ಲೂ ಒಮ್ಮತವಿರಲಿಲ್ಲ. ಕೆಲವರಿಗೆ ತುದಿ ಮುಟ್ಟುವ ಆಸೆ ನಿಜವಾಗಿಯೂ ಇತ್ತು, ಇಳಿಯಬೇಕು ಎಂದಾಗ ಅತ್ತವರಿದ್ದರು. ಒಬ್ಬ ಹುಡುಗನಿಗೆ ಆ ಬೆಟ್ಟಕ್ಕಿಂತ ದೊಡ್ಡ ಬೆಟ್ಟ ಬೇರೆ ಇತ್ತು. ಸಣ್ಣವನಿದ್ದಾಗ ಹೆತ್ತವರು ಅವನನ್ನು ಪರರ ಕೈಗೆ ಒಪ್ಪಿಸಿಬಿಟ್ಟಿದ್ದರು. ಆ ಪರರು ಅವನನ್ನು ಬೀದಿಯಲ್ಲಿ ಬೇಡಲು ಹಚ್ಚಿದ್ದರು. ಚಿತ್ರ ಅವನ ಜೊತೆ ಸಿಚುವಾನ್ ಪ್ರಾಂತ್ಯದ ಅವನ ಊರಿಗೂ ಹೋಗುತ್ತದೆ. ತಂದೆಯ ಮುಂದೆ ಆ ಹುಡುಗ ಕುಳಿತ ದೃಶ್ಯ ನೋಡಿದ ಮೇಲೆ ಏಳು ಸಾವಿರ ಮೀಟರಿನ ಲೆಕ್ಕ ನನಗೆ ಬಾಲಿಶವಾಗಿ ಕಂಡಿತು.

ಶಿಖರ ಎಂಬ ಈ ಹಂಬಲ ಬೆಟ್ಟದ ನಾಡಿನವರದ್ದಲ್ಲ ಎಂಬುದೂ ಇಲ್ಲಿ ಮುಖ್ಯ. ಟಿಬೆಟನ್ನರಿಗೆ ದೊಡ್ಡ ಬೆಟ್ಟ ದೇವರು, ದೇವರ ನೆತ್ತಿಯ ಮೇಲೆ ಕಾಲಿಡುವುದು ಅವರಿಗೆ ಹೊಳೆಯದ ಸಂಗತಿ. ಅವರು ಸುತ್ತು ಬರುತ್ತಾರೆ. ಕೈಲಾಸಕ್ಕೆ ಪ್ರದಕ್ಷಿಣೆ ಹಾಕುವವರು ಸಾವಿರಾರು, ತುದಿಗೆ ಹೋದವರು ಯಾರೂ ಇಲ್ಲ. ನಾವು ಸ್ವಲ್ಪ ಬೇರೆ. ನಾವು ಬೆಟ್ಟದ ತುದಿಯಲ್ಲೇ ಗುಡಿ ಕಟ್ಟಿ ಹತ್ತುವುದಕ್ಕೆ ನೆಪ ಮಾಡಿಕೊಂಡವರು. ದಿಂಡಿಗಲ್ ಜಿಲ್ಲೆಯ ಪಳನಿಗೆ ಚಾಮರಾಜನಗರ, ಮೈಸೂರು ಕಡೆಯಿಂದ ಕಾವಡಿ ಹೊತ್ತು ಹೋಗುವವರಿದ್ದಾರೆ. ಅಲ್ಲಿ 693 ಮೆಟ್ಟಿಲು. ಆರು ಮಕ್ಕಳು ಲಾಕ್ಪಾ ರಿಗೆ ಹೊರಟ 2004ರಲ್ಲೇ ಪಳನಿಯಲ್ಲಿ ಹಗ್ಗದ ಮೇಲೆ ಓಡುವ ರೋಪ್ ಕಾರ್ ಬಂತು, ಆದರೂ ಮೆಟ್ಟಿಲಿನ ಜನ ಕಡಿಮೆಯಾಗಲಿಲ್ಲ. ಆ ಮೆಟ್ಟಿಲ ಮೇಲೆ ಮಗಳ ಹೆಗಲಿಗೆ ಕೈಯಿಟ್ಟು ಹತ್ತುವ ಕಣ್ಣಿಲ್ಲದ ಮುದುಕನನ್ನು, ಅಲ್ಲಿ ಹೋಗಿ ಏನು ನೋಡ್ತೀಯಪ್ಪ ಎಂದು ಯಾರೂ ಕೇಳುವುದಿಲ್ಲ. ದರ್ಶನ ಎಂದರೆ ನಾವು ದೇವರನ್ನು ನೋಡುವುದು ಅರ್ಧ, ದೇವರ ಕಣ್ಣಿಗೆ ನಾವು ಬೀಳುವುದು ಇನ್ನರ್ಧ. ಮುದುಕನಿಗೆ ಆ ಎರಡನೆಯ ಅರ್ಧ ಸಾಕು. ಅದೇ ಮುದುಕ ಚಾರಣಕ್ಕೆ ಹೊರಟರೆ ಮಾತ್ರ ನಮ್ಮ ಹುಬ್ಬು ಮೇಲೇರುತ್ತದೆ.

ಚಿತ್ರದ ಹೆಸರಿನ ಬಗ್ಗೆ ಎರಡು ಮಾತು. 'ಬ್ಲೈಂಡ್‌ಸೈಟ್' ಎಂಬುದು ಬರೀ ಚಮತ್ಕಾರದ ಹೆಸರಲ್ಲ, ನರವಿಜ್ಞಾನದ ಪದ. ಕಣ್ಣು ಸರಿಯಿದ್ದು ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರ ಹಾನಿಗೊಂಡ ಕೆಲವರು ತಮಗೆ ಏನೂ ಕಾಣುವುದಿಲ್ಲ ಎನ್ನುತ್ತಾರೆ. ಆದರೂ ಬೆಳಕು ಎಲ್ಲಿದೆ, ಊಹಿಸಿ ತೋರಿಸಿ ಎಂದರೆ ಸರಿಯಾಗಿ ಬೆರಳು ಮಾಡುತ್ತಾರೆ. ಬ್ರಿಟನ್ನಿನ ಲಾರೆನ್ಸ್ ವೈಸ್‌ಕ್ರಾಂಟ್ಜ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಇದಕ್ಕೆ ಈ ಹೆಸರಿಟ್ಟರು. ನೋಟ ಮಿದುಳಿಗೆ ಹೋಗುವ ದಾರಿ ಒಂದೇ ಅಲ್ಲ, ಹೆದ್ದಾರಿ ಮುಚ್ಚಿದರೂ ಕಾಲುದಾರಿ ತೆರೆದಿರಬಹುದು ಎಂಬುದು ಅದರ ವಿವರಣೆ. ಚಿತ್ರದ ಮಕ್ಕಳದ್ದು ಈ ಸ್ಥಿತಿ ಅಲ್ಲ. ಹೆಸರನ್ನು ಎರವಲು ಪಡೆದಿದ್ದಾರೆ ಅಷ್ಟೆ.

ಕುರುಡು ಎಂದರೆ ಒಂದೇ ಬಗೆಯದ್ದಲ್ಲ ಎಂಬುದನ್ನು ತೇನಿ ಇನ್ನೊಂದು ರೀತಿಯಲ್ಲಿ ಬಲ್ಲದು. ಮದುರೆಯ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯಿತು. ಕಟ್ಟಿದವರು ಡಾ. ಜಿ. ವೆಂಕಟಸ್ವಾಮಿ, ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದರೂ ಆ ಬೆರಳಲ್ಲೇ ಕಣ್ಣಿನ ಪೊರೆ ತೆಗೆಯುವುದನ್ನು ಪಳಗಿಸಿಕೊಂಡವರು, ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಈ ಸಾಹಸಕ್ಕೆ ಇಳಿದವರು. ಮದುರೆಯ ಹೊರಗೆ ಅವರು ಮೊದಲು ಆಸ್ಪತ್ರೆ ತೆರೆದದ್ದು ತೇನಿಯಲ್ಲಿ, 1985ರಲ್ಲಿ. ಹಳ್ಳಿಯವರು ಪೇಟೆಗೆ ಬರುವ ಬದಲು ಪೇಟೆಯ ವೈದ್ಯರ ಕಣ್ಣು ಹಳ್ಳಿಗೆ ಹೋಗಲಿ ಎಂದು, ಆರು ಮಕ್ಕಳು ಬೆಟ್ಟಕ್ಕೆ ಹೊರಟ ಆ ವರ್ಷಗಳಲ್ಲೇ ಈ ಜಿಲ್ಲೆಯಲ್ಲಿ ದೃಷ್ಟಿ ಕೇಂದ್ರಗಳು ಶುರುವಾದವು. ಬರ್ಕ್ಲಿ ವಿಶ್ವವಿದ್ಯಾಲಯದ ತಂತ್ರಜ್ಞರು ಬಂದು ದೂರ ಹಾಯುವ ವೈಫೈ ಕಟ್ಟಿಕೊಟ್ಟರು. ಹಳ್ಳಿಯ ಕೇಂದ್ರದಲ್ಲಿ ತರಬೇತಾದ ಹುಡುಗಿ ಕಣ್ಣು ಪರೀಕ್ಷಿಸುತ್ತಾಳೆ, ತೇನಿಯ ವೈದ್ಯರು ಪರದೆಯ ಮೇಲೆ ರೋಗಿಯೊಂದಿಗೆ ಮಾತಾಡುತ್ತಾರೆ. ಆ ವೈಫೈಗೂ ಒಂದು ಶರತ್ತು ಇತ್ತು: ಒಂದು ಗೋಪುರದ ಆಂಟೆನಾಗೆ ಇನ್ನೊಂದು ಗೋಪುರ ನೇರ ಕಾಣುತ್ತಿರಬೇಕು, ನಡುವೆ ಗುಡ್ಡವೋ ಮರವೋ ಅಡ್ಡ ಬಂದರೆ ಕೆಟ್ಟಿತು.

ನಮ್ಮ ಡಾ. ಎಂ.ಸಿ. ಮೋದಿ ಊರೂರಿನ ಶಾಲೆ, ಛತ್ರಗಳಲ್ಲಿ ಸಾಲಾಗಿ ಜನರನ್ನು ಮಲಗಿಸಿ ಮಾಡುತ್ತಿದ್ದ ಕೆಲಸವೂ ಇದೇ. ಪೊರೆ ತೆಗೆದರೆ ಬೆಳಕು ಬರುತ್ತದೆ. ಅಲ್ಲಿ ಕುರುಡು ಒಂದು ಕಾಯಿಲೆ, ಹತ್ತು ಹದಿನೈದು ನಿಮಿಷದ ಶಸ್ತ್ರಚಿಕಿತ್ಸೆಯಲ್ಲಿ ವಾಸಿ. ಆದರೆ ಆಸ್ಪತ್ರೆಯ ಮೆಟ್ಟಿಲಿಳಿದು, ಏನೂ ಮಾಡಲಾಗುವುದಿಲ್ಲ ಎಂಬ ಮಾತು ಕೇಳಿಸಿಕೊಂಡು ಮನೆಗೆ ಹೋಗುವವರೂ ಇದ್ದಾರಲ್ಲ, ಅವರ ಕಥೆ ಶುರುವಾಗುವುದೇ ಆ ಮೆಟ್ಟಿಲಿಂದ. ಅವರಿಗೆ ಬೇಕಾದದ್ದು ಕೋಲು ಹಿಡಿಯುವ ಪಾಠ, ಬೆರಳಿನಲ್ಲಿ ಓದುವ ಪಾಠ, ಒಬ್ಬರೇ ಬಸ್ಸು ಹತ್ತುವ ಧೈರ್ಯ. ಮೊದಲನೆಯದಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಪಟ್ಟಿ ಬಿಚ್ಚಿದ ದಿನದ ಫೋಟೋ ಚೆನ್ನಾಗಿ ಬರುತ್ತದೆ. ಎರಡನೆಯದರಲ್ಲಿ ಫೋಟೋ ಇಲ್ಲ. ಸಾಬ್ರಿಯೆಯ ಶಾಲೆಗೆ ಎವರೆಸ್ಟ್ ಬೇಕಾದದ್ದು ಇದಕ್ಕೂ ಇರಬಹುದು ಎಂದು ನನಗೆ ಅನಿಸಿದ್ದುಂಟು. ಅದನ್ನು ಕುಹಕವೆಂದು ತಿಳಿಯಬಾರದು, ಶಾಲೆ ನಡೆಸುವವರಿಗೆ ದುಡ್ಡಿನ ಕಷ್ಟ ಗೊತ್ತು.

ಆಮೇಲೆ ಏನಾಯಿತು ಎಂದು ಕೇಳುವ ಓದುಗರಿಗೆ: ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳಾದ ಕೀಲಾ ಮುಂದೆ ವೆಳ್ಳಾಯಣಿ ಕೆರೆ ದಡದ ಕಾಂತಾರಿಯಲ್ಲೇ ತರಬೇತಿ ಪಡೆದಳು. ಆಕೆಯ ತಂದೆಗೂ ಇಬ್ಬರು ಅಣ್ಣತಮ್ಮಂದಿರಿಗೂ ದೃಷ್ಟಿ ಇರಲಿಲ್ಲ. ಟಿಬೆಟಿಗೆ ಮರಳಿ, ಕಣ್ಣಿರುವ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಆಡುವ ಶಿಶುವಿಹಾರ ತೆರೆದಳು. ಕಣ್ಣಿರುವ ಮಗು ಮೂರನೆಯ ವರ್ಷದಲ್ಲೇ ಕಣ್ಣಿಲ್ಲದ ಗೆಳೆಯನ ಕೈ ಹಿಡಿದು ಓಡಿದ್ದರೆ, ಮೂವತ್ತನೆಯ ವರ್ಷದಲ್ಲಿ ಅವನಿಗೆ ಹಿಂದಿನ ಜನ್ಮದ ಲೆಕ್ಕ ತೆಗೆಯುವುದು ಕಷ್ಟ. ಇತ್ತ ನಮ್ಮ ದೇಶದಲ್ಲಿ, ಟಿಬೆಟಿನ ಗಡಿಗೆ ಆತುಕೊಂಡ ಕಿನ್ನೌರ್ ಜಿಲ್ಲೆಯ ಛೋನ್ಜಿನ್ ಆಂಗ್ಮೊ 2025ರ ಮೇ ತಿಂಗಳಲ್ಲಿ ಎವರೆಸ್ಟಿನ ತುದಿ ಮುಟ್ಟಿದರು. ಎಂಟನೆಯ ವಯಸ್ಸಿನಲ್ಲಿ ದೃಷ್ಟಿ ಹೋಗಿತ್ತು. ಬ್ಯಾಂಕಿನ ಉದ್ಯೋಗಿ. ಅದಕ್ಕೂ ಮೊದಲು, 2021ರಲ್ಲಿ, ಸಿಯಾಚಿನ್ ಹಿಮನದಿಯ 15,632 ಅಡಿ ಎತ್ತರದ ಕುಮಾರ್ ಪೋಸ್ಟ್‌ವರೆಗೆ ನಡೆದ ವಿಶೇಷಚೇತನರ ತಂಡದಲ್ಲೂ ಆಕೆ ಇದ್ದರು. ಶಿಖರದ ಹಂಬಲ ಬೆಟ್ಟದ ನಾಡಿನವರದ್ದಲ್ಲ ಎಂದು ಮೇಲೆ ನಾನು ಕಟ್ಟಿದ ವಾದಕ್ಕೆ ಆಕೆ ಒಂದು ತೂತು ಕೊರೆದಿದ್ದಾರೆ. ಇರಲಿ.

ಲಾಕ್ಪಾ ರಿಯಿಂದ ಹಿಂದಿರುಗುವ ಮುಂಚೆ ಆ ಮಕ್ಕಳು ಹಿಮಗೋಪುರಗಳ ನಡುವೆ ಆಡಿದ ಒಂದು ಹೊತ್ತು ಚಿತ್ರದಲ್ಲಿದೆ. ಹಿಮನದಿ ಬಿರಿದು ಎದ್ದ ನೀಲಿ ಗೋಡೆಗಳು. ನೀಲಿ ಎಂಬುದು ನಮ್ಮ ಮಾತು. ಅವರು ಅಂಗೈ ಒತ್ತಿ ನೋಡುತ್ತಾರೆ, ಕೆನ್ನೆ ತಾಗಿಸುತ್ತಾರೆ, ಬಡಿದು ಸದ್ದು ಕೇಳುತ್ತಾರೆ, ಜಾರಿ ಬಿದ್ದು ನಗುತ್ತಾರೆ. ಕೋಲು ಆ ಹೊತ್ತಿಗೆ ಯಾರ ಕೈಯಲ್ಲೂ ಇದ್ದ ನೆನಪಿಲ್ಲ. ತೆರೆ ತಿರುಗಿಸಿ ಕೇಳಿದಾಗಲೂ ನನಗೆ ಪೂರ್ತಿ ಅರ್ಥವಾದ ಒಂದೇ ದೃಶ್ಯ ಅದು. ನಗುವಿಗೆ ಕೆಳಗೆ ಅಕ್ಷರ ಬೇಕಿರಲಿಲ್ಲ.

ತೇನಿಯಿಂದ ವಾಪಸು ಬರುವಾಗ ದಿಂಡಿಗಲ್ ಊರ ನಡುವಿನ ಬೋಳು ಬಂಡೆ ಬಸ್ಸಿನ ಕಿಟಕಿಗೆ ಕಾಣುತ್ತದೆ. ಆ ಬಂಡೆಯ ಮೇಲೆ ಮದುರೆ ನಾಯಕರು ಕಟ್ಟಿದ ಕೋಟೆಗೆ 1755ರಲ್ಲಿ ಮೈಸೂರಿನ ಫೌಜ್‌ದಾರನಾಗಿ ಬಂದವನು ಹೈದರ್ ಅಲಿ. ಊರಿಗೆ ಹೆಸರು ಬಂದದ್ದು ದಿಂಡಿನಂತಿರುವ ಕಲ್ಲಿನಿಂದ. ಒರಗಿಕೊಳ್ಳುವ ದಿಂಡು ಕನ್ನಡಕ್ಕೂ ತಮಿಳಿಗೂ ಹೊರತಲ್ಲ, ಕಲ್ಲೂ ಅಷ್ಟೆ. ಆದರೆ ಬರೆದಾಗ ಎರಡು ಲಿಪಿ, ಎರಡು ಫಲಕ. ಕಂಬಂನ ಕನ್ನಡಿಗನಿಗೆ ನಮ್ಮ ಪತ್ರಿಕೆ ಓದಲಾಗದಿರುವುದೂ, ನಮಗೆ ಅವನ ಊರಿನ ಬಸ್ಸಿನ ಹಣೆಬರಹ ಓದಲಾಗದಿರುವುದೂ ಇದರಿಂದಲೇ.

ಬೆರಳಿಗೆ ಈ ತಕರಾರಿಲ್ಲ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಕ್ಕೆ, 1951ರಲ್ಲಿ, ಭಾರತದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಎಂದು ತೀರ್ಮಾನವಾಗಿ ಭಾರತಿ ಬ್ರೈಲ್ ಜಾರಿಗೆ ಬಂತು. ಕನ್ನಡದ ಕ, ತಮಿಳಿನ ಕ, ಹಿಂದಿಯ ಕ ಮೂರಕ್ಕೂ ಒಂದೇ ಗುರುತು, ಆರು ಚುಕ್ಕೆಗಳ ಮನೆಯಲ್ಲಿ ಒಂದನೆಯದು ಮತ್ತು ಮೂರನೆಯದು. ನಾವು ಮಲೆ ಎನ್ನುವುದನ್ನು ತಮಿಳರು ಮಲೈ ಎನ್ನುತ್ತಾರೆ. ಮ ಎಂದರೆ ಒಂದು, ಮೂರು, ನಾಲ್ಕನೆಯ ಚುಕ್ಕೆ. ಲ ಎಂದರೆ ಒಂದು, ಎರಡು, ಮೂರು. ಮೈಸೂರಿನ ಹುಡುಗಿಯ ಬೆರಳಿಗೂ ತೇನಿಯ ಹುಡುಗನ ಬೆರಳಿಗೂ ಅಲ್ಲಿಯವರೆಗೆ ಅದು ಒಂದೇ ಬೆಟ್ಟ. ಕೊನೆಯ ಸ್ವರದಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ.